ನಾಲ್ಕು ನಿಮಿಷ ಹಿಂದಕ್ಕೆ ಸರಿಯದ ಕಾಗದ

ಸಾಂತಾ ರಾಮೋನಾದಲ್ಲಿ ಅರ್ಮಿಂದಾ ಯೂಕೊ ನಂಬುತ್ತಿದ್ದ ಮನುಷ್ಯ ಒಬ್ಬನೇ ಒಬ್ಬ, ಅದು ನಾನು, ಪೈಲಟ್ ರೊಸೆಂದೊ. ಪಾದ್ರಿಯನ್ನು ನಂಬುತ್ತಿರಲಿಲ್ಲ, ವೈದ್ಯನನ್ನು ನಂಬುತ್ತಿರಲಿಲ್ಲ, ತನ್ನ ಆಫೀಸಿನ ಗೋಡೆ ಗಡಿಯಾರವನ್ನಂತೂ ದಿನಕ್ಕೆರಡು ಸಲ ರೇಡಿಯೊ ಜೊತೆ ಹೋಲಿಸಿ ಬೈಯುತ್ತಿದ್ದಳು. ನಾನು ಹೇಳಿದ್ದನ್ನು ಮಾತ್ರ ಮರುಮಾತಿಲ್ಲದೆ ಬರೆದುಕೊಳ್ಳುತ್ತಿದ್ದಳು. ಆ ನಂಬಿಕೆಯನ್ನು ಒಂದು ಸೆಪ್ಟೆಂಬರಿನಲ್ಲಿ ಹತ್ತೇ ದಿನದಲ್ಲಿ ನಾನು ಹಾಳು ಮಾಡಿಕೊಂಡೆ. ಆಕೆಯ ಅನುಮಾನದ ಕಥೆಗಳನ್ನು ಹೇಳಿಕೊಂಡು ಊರು ಈಗಲೂ ನಗುತ್ತದೆ. ನನ್ನದು ನಗುವ ಕಥೆಯಲ್ಲ, ಆದರೂ ನಗುವ ಭಾಗದಿಂದಲೇ ಶುರು ಮಾಡಬೇಕು.

ಅರ್ಮಿಂದಕ್ಕ ಮೊದಲು ನಮ್ಮ ವಿಮಾನ ಕಂಪನಿಯಲ್ಲಿ ತೂಕ ಹಾಕುವವಳು. ಎಂಟು ಜನ ಕೂರುವ ವಿಮಾನದಲ್ಲಿ ಪ್ರತಿ ಕಿಲೋಗೂ ಲೆಕ್ಕವುಂಟು, ಹಾಗಾಗಿ ಸಾಮಾನಿನ ಜೊತೆ ಮನುಷ್ಯರನ್ನೂ ತೂಗುತ್ತೇವೆ. ನಮ್ಮ ಬೇನಿ ಬಯಲುಸೀಮೆಯಲ್ಲಿ ತಕ್ಕಡಿಯ ಮೇಲೆ ನಿಂತು ಸುಳ್ಳು ಹೇಳದ ಪ್ರಯಾಣಿಕ ಇನ್ನೂ ಹುಟ್ಟಿಲ್ಲ. ಒಬ್ಬ ಗೋಡೆಗೆ ಬೆರಳು ಊರಿ ಹಗುರಾಗುತ್ತಾನೆ, ಇನ್ನೊಬ್ಬಳು ಲಂಗದೊಳಗೆ ಕೋಳಿ ಕಟ್ಟಿಕೊಂಡು ಬರುತ್ತಾಳೆ. ಹನ್ನೆರಡು ವರ್ಷ ಇದನ್ನೇ ನೋಡಿದವಳು ಯಾರನ್ನು ತಾನೇ ನಂಬಿಯಾಳು? ಒಮ್ಮೆ ಪಾದ್ರಿಯನ್ನು ತಕ್ಕಡಿಯಿಂದ ಇಳಿಸಿ, ನಿಲುವಂಗಿಯ ಜೇಬು ಖಾಲಿ ಮಾಡಿಸಿ, ಮತ್ತೆ ಹತ್ತಿಸಿದಳು. ಜೇಬಿನಿಂದ ಎರಡು ಕಿಲೋ ಚೀಸು ಹೊರಬಂತು.

"ತಾ ಕಳ್ಳ ಪರರ ನಂಬ ಅಂತಾರೆ ಗೊತ್ತೇನಕ್ಕ?" ಎಂದು ಪಾದ್ರಿ ರೇಗಿಸಿದರೆ, "ಗೊತ್ತು ಸ್ವಾಮಿ, ಇನ್ನೊಂದ್ ಜೇಬು ತೋರಿಸಿ" ಅಂದಳಂತೆ.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಚೀಲದಲ್ಲಿ ಆರು ಕಿಲೋ ಒಣಮಾಂಸವಿತ್ತು. ಯಾರೂ ಕೇಳುವ ಮೊದಲೇ ಹೇಳಿಬಿಟ್ಟೆ. ಅದು ಸತ್ಯಸಂಧತೆ ಅಲ್ಲ, ಹೊಸಬನ ಹೆದರಿಕೆ. ಅಕ್ಕ ಮಾತ್ರ ಅದನ್ನು ಬೇರೆ ರೀತಿ ತೆಗೆದುಕೊಂಡಳು. ಅವತ್ತಿನಿಂದ ನನ್ನ ಮಾತೆಂದರೆ ಅವಳಿಗೆ ಮಾತು. ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಹೆಸರು ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಆಮೇಲೆ ವಿಮಾನಗಳಿಗೆ ದಾರಿ ತೋರಿಸುವ ಉಪಗ್ರಹದ ಪೆಟ್ಟಿಗೆ ಬಂತು, ಅಕ್ಕ ತಕ್ಕಡಿ ಬಿಟ್ಟು ವಿಮಾನ ಕಳಿಸುವ ಮೇಜಿಗೆ ಬಂದಳು. ಪೆಟ್ಟಿಗೆಯ ಲೆಕ್ಕ ಅವಳಿಗೆ ಹಾಲು ಅನ್ನದಷ್ಟು ಹಿಡಿಸಿತು. ಮೇಲೆ ನಾಲ್ಕು ಉಪಗ್ರಹ ಕಂಡರೆ ನೀನೆಲ್ಲಿದ್ದೀಯ ಎಂದು ಪೆಟ್ಟಿಗೆ ಹೇಳುತ್ತದೆ. ಐದನೆಯದು ಕಂಡರೆ, ಇವುಗಳಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿದೆ ಎಂದು ಹೇಳಬಲ್ಲದು. ಆರನೆಯದು ಇದ್ದರೆ ಸುಳ್ಳು ಹೇಳುತ್ತಿರುವುದು ಯಾವುದು ಎಂದು ಬೆರಳಿಟ್ಟು ತೋರಿಸುತ್ತದೆ. ಹೀಗೆ ಸಾಕ್ಷಿ ಹೇಳುವ ಉಪಗ್ರಹಗಳು ಸಾಲದಿದ್ದರೆ ಪೆಟ್ಟಿಗೆಯ ಹಳದಿ ದೀಪ ಹತ್ತುತ್ತದೆ. ಆಗಲೂ ಮುಳ್ಳು ದಾರಿ ತೋರಿಸುತ್ತಲೇ ಇರುತ್ತದೆ, ಆ ದಾರಿ ನಿಜವೋ ಸುಳ್ಳೋ ಎಂದು ಹೇಳುವವರು ಮಾತ್ರ ಯಾರೂ ಇರುವುದಿಲ್ಲ. ನೆಲ ಕಾಣದಿರುವಾಗ ಆ ಮುಳ್ಳನ್ನು ನಂಬಿ ಇಳಿಯಬಾರದು.

"ಇದನ್ನ ಕಂಡುಹಿಡಿದೋನು ಯಾರೋ ನನ್ನಂಗೇ ಇರ್ಬೇಕು" ಎಂದಿದ್ದಳು ಅಕ್ಕ.

ಎಷ್ಟು ಹೊತ್ತಿಗೆ ನಮ್ಮ ತಲೆಯ ಮೇಲೆ ಸಾಕ್ಷಿ ಸಾಲುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿ ಕೊಡುವ ಪ್ರೋಗ್ರಾಂ ಒಂದು ಕಂಪ್ಯೂಟರಿನಲ್ಲಿದೆ. ಪ್ರತಿ ಹಾರಾಟಕ್ಕೂ ಅದರ ಕಾಗದ ತೆಗೆದು, ಹಾಗೆ ಆಕಾಶ ತೆಳುವಾದ ಹೊತ್ತಿನಲ್ಲಿ ಇಳಿಯದ ಹಾಗೆ ಹೊರಡಬೇಕು. ಅಕ್ಕನಿಗೆ ಆ ಕಾಗದದ ಮೇಲೂ ಅನುಮಾನ. ಹಾಗಾಗಿ ಅವಳದೇ ಒಂದು ಪುಸ್ತಕವಿತ್ತು. ಇಳಿದ ಪ್ರತಿ ಪೈಲಟ್ ಅವಳ ಮೇಜಿನ ಮುಂದೆ ನಿಂತು ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು.

"ದೀಪ ಹತ್ತಿತ್ತಾ?"

ಹೌದು ಅಥವಾ ಇಲ್ಲ. ಹೊತ್ತು, ತಾರೀಖು, ಹೆಸರು. ಹನ್ನೊಂದು ವರ್ಷ ಹಾಗೆ ಬರೆದಿದ್ದಳು. ನಮ್ಮ ಇನ್ನೊಬ್ಬ ಪೈಲಟ್ ಲಿಂಬರ್ಗ್ "ಇಲ್ಲ" ಎಂದರೆ "ಕಣ್ಣು ಬಿಟ್ಕೊಂಡು ನೋಡಿದ್ಯೋ ಇಲ್ಲ ಬಾಯಿ ಬಿಟ್ಕೊಂಡು ಮಲಗಿದ್ಯೋ?" ಎಂದು ಕೇಳುತ್ತಿದ್ದಳು. ನನ್ನ "ಇಲ್ಲ" ನೇರವಾಗಿ ಪುಸ್ತಕಕ್ಕೆ ಹೋಗುತ್ತಿತ್ತು.

ಆ ಸೆಪ್ಟೆಂಬರಿನಲ್ಲಿ ಒಂದು ಉಪಗ್ರಹ ದುರಸ್ತಿಯಲ್ಲಿತ್ತು. ಅದರಿಂದ ದಿನಕ್ಕೊಮ್ಮೆ ಇಪ್ಪತ್ತೈದು ನಿಮಿಷ ನಮ್ಮ ಮೇಲಿನ ಆಕಾಶ ತೆಳುವಾಗುತ್ತಿತ್ತು. ಹುಲ್ಲುಗಾವಲಿಗೆ ಬೆಂಕಿ ಇಡುವ ತಿಂಗಳು ಬೇರೆ, ಹೊಗೆ ಯಾವಾಗ ಕವಿಯುತ್ತದೋ ಗೊತ್ತಿಲ್ಲ. ಕಾಗದ ತೆಗೆಯುವುದು ಆಫೀಸಿನ ಗುಮಾಸ್ತ ಯೆರ್ಕೊನ ಕೆಲಸ. ಮದುವೆಯಾಗಿ ವರ್ಷವಾಗದ, ಬೆವರುವ ಸ್ವಭಾವದ ಮನುಷ್ಯ. ಆ ವಾರ ಸಾಂತಾ ರಾಮೋನಾದಲ್ಲಿ ಇಂಟರ್ನೆಟ್ ಸತ್ತು ಬಿದ್ದಿತ್ತು, ಅದಿಲ್ಲದೆ ಕಾಗದ ಬರುವುದಿಲ್ಲ; ಪಕ್ಕದೂರಿಗೆ ಹೋಗಿಯಾದರೂ ತರುವುದು ಅವನ ಹೊಣೆ.

"ಕ್ಯಾಪ್ಟನ್, ನೀವು ಹೆಂಗೂ ಬೆಳಿಗ್ಗೆ ಟ್ರಿನಿದಾದು ಪಟ್ಟಣಕ್ಕೆ ಹೋಗಿ ಸಾಯಂಕಾಲ ಬರ್ತೀರ. ಮಧ್ಯಾಹ್ನ ಅಲ್ಲೇ ಕಾಗದ ತೆಗ್ದುಬಿಡಿ" ಎಂದು ಬೇಡಿಕೊಂಡ. "ಅಕ್ಕಂಗೆ ಹೇಳ್ಬೇಡಿ. ನಿನ್ನ ಕೆಲಸ ಊರವರ ಹತ್ರ ಮಾಡಿಸ್ತೀಯಾ ಅಂತ ಚರ್ಮ ಸುಲೀತಾಳೆ."

ಒಪ್ಪಿಕೊಂಡೆ. ಮೊದಲ ದಿನ ಸರಿಯಾಗಿಯೇ ತೆಗೆದೆ. ಬಿಸಿಲಲ್ಲಿ ರನ್‌ವೇ ದಾಟಿ ಅತ್ತ ಕಡೆಯ ಆಫೀಸಿಗೆ ನಡೆದು, ಸಾಲಿನಲ್ಲಿ ನಿಂತು, ಮುಕ್ಕಾಲು ಗಂಟೆ ಕಳೆದೆ. ತೆಳು ಹೊತ್ತು ಸಂಜೆ ಐದೂ ಇಪ್ಪತ್ತರಿಂದ ಐದೂ ನಲವತ್ತೈದು. ನಾನು ಇಳಿಯುವುದು ಐದಕ್ಕೆ. ಒಳ್ಳೆಯದಾಯಿತು ಅಂದುಕೊಂಡೆ. ಸಂಜೆ ಒಂದು ಪ್ರತಿಯನ್ನು ಯೆರ್ಕೊ ಕೈಗೆ ಕೊಟ್ಟೆ, ಅವನು ಅಕ್ಕನ ಮೇಜಿಗಿಟ್ಟ; ಇನ್ನೊಂದು ನನ್ನ ಚೀಲದಲ್ಲಿ ಉಳಿಯಿತು.

ಎರಡನೆಯ ದಿನ ಹುರಿದ ಮೀನು ತಿಂದು ಜೋಲಿಯಲ್ಲಿ ಮಲಗಿದವನಿಗೆ ಏಳಲು ಮನಸ್ಸಾಗಲಿಲ್ಲ. ಹಿಂದಿನ ದಿನದ ಕಾಗದದ ತಾರೀಖಿನ ಮೇಲೆ ಬಿಳಿ ಚೂರು ಅಂಟಿಸಿ, ಪಕ್ಕದ ಅಂಗಡಿಯಲ್ಲಿ ಪ್ರತಿ ತೆಗೆಸಿ, ಹೊಸ ತಾರೀಖು ಬರೆದೆ. ಉಪಗ್ರಹಗಳು ದಿನಾ ಅದೇ ದಾರಿಯಲ್ಲಿ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ದಾರಿ ಅದೇ, ನಿಜ. ಆದರೆ ಸಂಜೆ ಗೂಡಿಗೆ ಬರುವ ಕೋಳಿಗಳು ಚಳಿಗಾಲ ಹತ್ತಿರವಾದಂತೆ ದಿನಾ ಒಂಚೂರು ಮುಂಚೆ ಬರುವ ಹಾಗೆ, ಉಪಗ್ರಹಗಳು ಪ್ರತಿದಿನ ನಾಲ್ಕು ನಿಮಿಷ ಮುಂಚೆ ಬರುತ್ತವೆ. ಪೈಲಟ್ ಪರೀಕ್ಷೆಗೆ ಓದಿದ್ದೆ, ಮರೆತಿದ್ದೆ. ಒಂದು ದಿನಕ್ಕೆ ನಾಲ್ಕು ನಿಮಿಷ ಏನೂ ಅಲ್ಲ. ಒಂಬತ್ತು ದಿನಕ್ಕೆ ಮೂವತ್ತಾರು.

ಆರನೆಯ ದಿನ, ಐದು ಗಂಟೆಗೆ ಇಳಿಯುವಾಗ, ಹಳದಿ ದೀಪ ಹತ್ತಿತು. ಆಕಾಶ ಶುಭ್ರವಾಗಿತ್ತು, ರನ್‌ವೇ ಕಣ್ಣಿಗೆ ಕಾಣುತ್ತಿತ್ತು, ಹಳೇ ಪೆಟ್ಟಿಗೆ ಎಂದುಕೊಂಡು ಇಳಿದೆ.

"ದೀಪ ಹತ್ತಿತ್ತಾ?"

"ಇಲ್ಲ ಅಕ್ಕ."

ಹೌದು ಎಂದಿದ್ದರೆ ಅವಳು ಕಾಗದ ತೆಗೆದು ನೋಡುತ್ತಿದ್ದಳು. ಏಳನೆಯ ದಿನವೂ ಹತ್ತಿತು, ಎಂಟನೆಯ ದಿನವೂ, ಒಂಬತ್ತನೆಯ ದಿನವೂ. ನಾಲ್ಕು ದಿನ ನಾಲ್ಕು "ಇಲ್ಲ". ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನನ್ನ ಸಂಸಾರ ನಡೆಯಿತು.

ಒಂಬತ್ತನೆಯ ಸಂಜೆ ಅಕ್ಕ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡುತ್ತಾ ಕುಳಿತಿದ್ದಳು. ನಾನು ಒಳಗೆ ಹೋದಾಗ ಯೆರ್ಕೊ ಮೇಜಿನ ಮುಂದೆ ನಿಂತಿದ್ದ.

"ಏನೋ ಇದು? ಎಲ್ಲಾ ಕಾಗದದಲ್ಲೂ ಇದೇ ಮೂಲೇಲಿ ಒಂದೇ ಎಣ್ಣೆ ಕಲೆ. ದಿನಾ ಅದೇ ಜಾಗಕ್ಕೆ ಮೀನು ಬೀಳುತ್ತಾ?"

"ನಂಗೊತ್ತಿಲ್ಲಕ್ಕ. ಪ್ರಿಂಟರಿಂದು ಇರ್ಬೋದು."

"ಪ್ರಿಂಟರ್ ಮೀನು ತಿನ್ನುತ್ತಾ?"

ಯೆರ್ಕೊ ನನ್ನ ಕಡೆ ನೋಡಿದ. ನಾನು ಟೋಪಿಯ ಧೂಳು ಕೊಡವಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನನ್ನು ಆಕೆ ನೂರು ಸಲ ಹಿಡಿದಿದ್ದಾಳೆ. ಆದರೆ ಅವಳು ನನ್ನತ್ತ ತಿರುಗಲೇ ಇಲ್ಲ. ನಾನು ಆ ಕೋಣೆಯಲ್ಲಿ ಅನುಮಾನಿಸಬೇಕಾದವರ ಪಟ್ಟಿಯಲ್ಲೇ ಇರಲಿಲ್ಲ.

"ನೋಡು ಯೆರ್ಕೊ, ನೀನು ಹಳೇದನ್ನ ಪ್ರತಿ ಮಾಡ್ತಿದ್ದೀಯ ಅಂತ ಗೊತ್ತಾದ್ರೆ ಯಜಮಾನ್ರಿಗೆ ಹೇಳ್ತೀನಿ. ನಾಳೇನೇ ಮನೆಗೆ ಹೋಗ್ತೀಯ. ಈ ರೊಸೆಂದೊ ನಿನ್ನ ಕಾಗದ ನಂಬ್ಕೊಂಡು ಜನಾನ ಹೊತ್ಕೊಂಡ್ ಬರ್ತಾನೆ."

ಹೊರಗೆ ಬಂದ ಮೇಲೆ ಯೆರ್ಕೊ ನನ್ನ ಹಿಂದೆಯೇ ಓಡಿಬಂದ. "ಕ್ಯಾಪ್ಟನ್, ದಿನಾ ಹೊಸದೇ ತೆಗೀತಿದ್ದೀರಿ ತಾನೆ?"

"ಮತ್ತೇನು?" ಎಂದೆ. ಆ ಒಂದು ಮಾತನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಹತ್ತನೆಯ ದಿನವಾದರೂ ಹೊಸ ಕಾಗದ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಟ್ರಿನಿದಾದಿನಲ್ಲಿ ಜೋಲಿಯ ಮೇಲೆ ಕುಳಿತು ನಾನೂ ಅದನ್ನೇ ಯೋಚಿಸಿದೆ. ಹೊಸದರಲ್ಲಿ ಬೇರೆ ಹೊತ್ತು ಬಂದರೆ ಹಳೆಯ ಎಂಟು ಪ್ರತಿಗಳೂ ಸಿಕ್ಕಿಬೀಳುತ್ತವೆ. ಹತ್ತನೆಯದೂ ಅದೇ ಇದ್ದರೆ ಉಪಗ್ರಹದ ಸ್ವಭಾವವೇ ಹಾಗೆ ಅನ್ನಬಹುದು. ಕಳ್ಳನ ತಲೆ ಹೀಗೆಯೇ ಓಡುವುದು. ಎಣ್ಣೆ ಕಲೆಯ ಮೇಲೂ ಬಿಳಿ ಚೂರು ಅಂಟಿಸಿ ಪ್ರತಿ ತೆಗೆಸಿದೆ. ಅಷ್ಟು ಹೊತ್ತಿಗೆ ಗಾಳಿ ತಿರುಗಿ ಊರೆಲ್ಲ ಹೊಗೆ ತುಂಬಿತ್ತು.

ನಾಲ್ಕು ಗಂಟೆಗೆ ವಿಮಾನದ ಹತ್ತಿರ ಹೋದರೆ ಪೆಟ್ರೋಲ್ ತುಂಬುವ ಓರ್ಮಾಂದೊ ನನ್ನ ಸಾಮಾನಿನಿಂದ ಎರಡು ಹಿಟ್ಟಿನ ಮೂಟೆ ಇಳಿಸಿ, ರೆಕ್ಕೆಗೆ ಪೆಟ್ರೋಲ್ ಸುರಿಯುತ್ತಿದ್ದ.

"ಯಾರ್ ಹೇಳಿದ್ರು ನಿಂಗೆ?"

"ಅರ್ಮಿಂದಕ್ಕ ಫೋನ್ ಮಾಡಿದ್ಲು. ಎರಡು ಕ್ಯಾನು ಜಾಸ್ತಿ ಹಾಕು, ಅವನು ಬೈದ್ರೆ ಬೈಯ್ಲಿ ಅಂದ್ಲು."

"ಬೇಡ ಅಂತ ನಾನ್ ಹೇಳ್ತಿದ್ದೀನಲ್ಲ."

"ನೀವು ಇಲ್ಲಿಂದ ಹೋಗ್ತೀರ ಕ್ಯಾಪ್ಟನ್. ನಾಳೆ ಅವಳ ಫೋನ್ ಎತ್ತೋನು ನಾನು."

ಬೈದೆ, ಹತ್ತಿದೆ, ಹೊರಟೆ. ಒಳಗೆ ಆರು ಜನ, ಅದರಲ್ಲೊಬ್ಬಳು ಮೂರು ದಿನದ ಕೂಸನ್ನು ಎದೆಗವಚಿಕೊಂಡ ಬಾಣಂತಿ. ನಾನು ಹೊರಟ ಕಾಲು ಗಂಟೆಗೆ ಹಿಂದೆ ಟ್ರಿನಿದಾದು ಹೊಗೆಯಲ್ಲಿ ಮುಚ್ಚಿಹೋಯಿತು. ಇನ್ನು ವಾಪಸ್ಸು ಹೋಗುವ ಹಾಗಿಲ್ಲ. ಕೆಳಗೆ ನೆಲವಿಲ್ಲ, ಪಕ್ಕದಲ್ಲಿ ದಿಗಂತವಿಲ್ಲ, ಎಲ್ಲ ಕಡೆ ತೊಳೆಯದ ಬಟ್ಟೆಯ ಬಣ್ಣ. ನಾಲ್ಕೂ ನಲವತ್ತನಾಲ್ಕಕ್ಕೆ ಹಳದಿ ದೀಪ ಹತ್ತಿತು. ನಾಲ್ಕು ದಿನದಿಂದ ನೋಡಿ ಅಭ್ಯಾಸವಾಗಿದ್ದ ದೀಪ. ಮುಳ್ಳು ನೇರವಾಗಿ ಸಾಂತಾ ರಾಮೋನಾ ಕಡೆಗೇ ತೋರಿಸುತ್ತಿತ್ತು. ನಾನು ಇಳಿಯಲು ಶುರು ಮಾಡುತ್ತಿದ್ದೆನೇ? ಮಾಡುತ್ತಿದ್ದೆ. ಕೈ ಆಗಲೇ ಹಿಡಿಕೆಯ ಮೇಲಿತ್ತು.

ಅಷ್ಟರಲ್ಲಿ ರೇಡಿಯೊದಲ್ಲಿ ಅಕ್ಕನ ದನಿ ಬಂತು.

"ರೊಸೆಂದೊ, ಇಳೀಬೇಡ. ಐದೂ ಹತ್ತರ ತನಕ ಆಕಾಶ ತೆಳು. ಮೇಲೇ ಸುತ್ತು ಹಾಕ್ತಿರು."

"ಕಾಗದದಲ್ಲಿ ಐದೂ ಇಪ್ಪತ್ತಕ್ಕೆ ಶುರು ಅಂತಿದೆಯಲ್ಲಕ್ಕ."

ರೇಡಿಯೊದಲ್ಲಿ ಕಾಗದ ಮಗುಚುವ ಸದ್ದು ಬಂತು.

"ಅದು ಒಂಬತ್ತು ದಿನದ ಹಿಂದಿನ ಕಾಗದ. ನಿಂಗೂ ಗೊತ್ತು. ದೀಪ ಹತ್ತಿದೆಯಾ?"

ಸುಳ್ಳು ಹೇಳಲು ಬಾಯಿ ತೆರೆಯಿತು. ಹಿಂದೆ ಕೂಸು ಸಣ್ಣಗೆ ಅಳುತ್ತಿತ್ತು.

"ಹತ್ತಿದೆ" ಎಂದೆ.

"ಸುತ್ತು ಹಾಕಿ, ಕ್ಯಾಪ್ಟನ್."

ಇಷ್ಟು ವರ್ಷಗಳಲ್ಲಿ ಆಕೆ ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಇಪ್ಪತ್ತು ನಿಮಿಷಕ್ಕೂ ಮೇಲೆ ಹೊಗೆಯೊಳಗೆ ಸುತ್ತಿದೆ. ಮುಳ್ಳು ಒಮ್ಮೆ ಎಡಕ್ಕೆ ವಾಲಿ, ಏನೂ ಆಗಿಲ್ಲ ಎಂಬಂತೆ ಮತ್ತೆ ಮಧ್ಯಕ್ಕೆ ಬಂತು. ನಮ್ಮ ರನ್‌ವೇಯ ಎಡಕ್ಕೆ ಐವತ್ತು ಮೀಟರ್ ಎತ್ತರದ ಕಾಡುಬಾದಾಮಿ ಮರಗಳ ಸಾಲಿದೆ. ಓರ್ಮಾಂದೊ ಸುರಿದ ಎರಡು ಕ್ಯಾನಿನ ಮೇಲೆ ನಾವು ಏಳು ಜನ ಮತ್ತು ಒಂದು ಕೂಸು ಬದುಕಿದ್ದೆವು. ಐದೂ ಹತ್ತಕ್ಕೆ ದೀಪ ಆರಿತು. ಐದೂ ಇಪ್ಪತ್ತೆರಡಕ್ಕೆ ಚಕ್ರ ನೆಲ ಮುಟ್ಟಿತು.

ಆಫೀಸಿನಲ್ಲಿ ಯೆರ್ಕೊ, ಲಿಂಬರ್ಗ್ ಇಬ್ಬರೂ ಇದ್ದರು. ಮೇಜಿನ ಮೇಲೆ ಒಂಬತ್ತು ಕಾಗದ ಸಾಲಾಗಿ ಹರಡಿದ್ದವು, ಪಕ್ಕದಲ್ಲಿ ಅವಳ ಪುಸ್ತಕ ತೆರೆದಿತ್ತು. ಅವತ್ತು ಮಧ್ಯಾಹ್ನ ಊಟದ ಮೇಲೆ ಎಣ್ಣೆ ಕಲೆ ಹುಡುಕಲು ಕುಳಿತವಳಿಗೆ ಕಲೆಗಿಂತ ಮುಂಚೆ ಹೊತ್ತು ಕಂಡಿತ್ತು. ಒಂಬತ್ತು ದಿನವೂ ಐದೂ ಇಪ್ಪತ್ತು. ಒಂದು ದಿನವೂ ನಾಲ್ಕು ನಿಮಿಷ ಹಿಂದಕ್ಕೆ ಸರಿದಿರಲಿಲ್ಲ. ನಿಜವಾದ ಹೊತ್ತನ್ನು ಪೆನ್ಸಿಲಿನಲ್ಲಿ ಲೆಕ್ಕ ಹಾಕಿ, ಹೊಗೆ ಮುಚ್ಚುವ ಮೊದಲು ನಾನು ಹೊರಡಲೇಬೇಕಾದ್ದರಿಂದ, ಮೇಲೆ ಸುತ್ತಲು ಪೆಟ್ರೋಲ್ ಇರಲಿ ಎಂದು ಮೊದಲು ಓರ್ಮಾಂದೊಗೆ ಫೋನ್ ಮಾಡಿದ್ದಳು. ಅಲ್ಲಿಯವರೆಗೂ ಅವಳ ಮನಸ್ಸಿನಲ್ಲಿದ್ದ ಕಳ್ಳ ಯೆರ್ಕೊನೇ. ಆಮೇಲೆ ಲೆಕ್ಕ ಸರಿಯೇ ಎಂದು ನೋಡಲು ದೀಪದ ಪುಸ್ತಕ ತೆಗೆದಳು. ಏಳನೆಯ ದಿನ ನಾನು ಐದಕ್ಕೆ ಇಳಿದಿದ್ದೆ, ನನ್ನ ಹಿಂದೆ ಎರಡು ನಿಮಿಷಕ್ಕೆ ಲಿಂಬರ್ಗ್ ಇಳಿದಿದ್ದ. ಅವನ ಹೆಸರಿನ ಮುಂದೆ "ಹೌದು", ನನ್ನ ಹೆಸರಿನ ಮುಂದೆ "ಇಲ್ಲ". ಆಕಾಶ ಇಬ್ಬರಿಗೂ ಒಂದೇ.

"ಅವತ್ತು ನಾನು ಲಿಂಬರ್ಗ್ ಮೇಲೆ ಅನುಮಾನ ಪಟ್ಟೆ" ಎಂದಳು ಅಕ್ಕ, ಯಾರಿಗೂ ಅಲ್ಲ ಎಂಬಂತೆ. "ನಿದ್ದೆಗಣ್ಣಲ್ಲಿ ಏನೋ ನೋಡಿರ್ತಾನೆ ಅಂದ್ಕೊಂಡೆ."

ಆಮೇಲೆ ಯೆರ್ಕೊ ಕಡೆ ತಿರುಗಿದಳು. "ನಿನ್ನೆ ನಿಂಗೆ ಅಂದಿದ್ದು ತಪ್ಪು. ಎಲ್ಲರ ಮುಂದೆ ಅಂದೆ, ಎಲ್ಲರ ಮುಂದೆ ಹೇಳ್ತಿದ್ದೀನಿ."

ಅರ್ಮಿಂದಾ ಯೂಕೊ ತಪ್ಪೊಪ್ಪಿಕೊಂಡದ್ದನ್ನು ಆ ಊರು ಅದಕ್ಕೂ ಮೊದಲು ನೋಡಿರಲಿಲ್ಲ. ಯೆರ್ಕೊ ಹಣೆ ಒರೆಸಿಕೊಂಡ. "ನಾನೂ ತಪ್ಪು ಮಾಡಿದೀನಕ್ಕ. ನನ್ನ ಕೆಲಸಾನ ಇವರಿಗೆ ಒಪ್ಪಿಸಿದ್ದೆ."

"ಅದಕ್ಕೆ ಬೇರೆ ಬೈಗುಳ ಇದೆ. ನಾಳೆ ಬೆಳಿಗ್ಗೆ ಬಾ."

ನಾನು ಎಲ್ಲವನ್ನೂ ಹೇಳಿದೆ. ಜೋಲಿ, ಅಂಗಡಿ, ಬಿಳಿ ಚೂರು, ನಾಲ್ಕು ದಿನದ ದೀಪ. ಯಜಮಾನರಿಗೆ ನಾನೇ ಹೇಳುತ್ತೇನೆ, ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ ಎಂದೆ. ಹೇಳಿದೆ ಕೂಡ; ಮೂರು ತಿಂಗಳು ಹಾರಲು ಬಿಡದೆ ನೆಲದ ಮೇಲೆ ಕೂರಿಸಿದರು, ಅದು ನನಗೆ ಭಾರವಾಗಲಿಲ್ಲ. ಅವತ್ತು ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಪುಸ್ತಕದ ಪುಟ ತಿರುವುತ್ತಿದ್ದಳು.

"ಹನ್ನೊಂದು ವರ್ಷದಿಂದ ನಿಮ್ಮ ಹೆಸರಿನ ಮುಂದೆ ಎಷ್ಟು 'ಇಲ್ಲ' ಇದೆ ಗೊತ್ತಾ ಕ್ಯಾಪ್ಟನ್? ಇದರಲ್ಲಿ ಎಷ್ಟು ಸುಳ್ಳು?"

"ನಾಲ್ಕೇ ಅಕ್ಕ. ಈ ನಾಲ್ಕು ದಿನದ್ದು. ಉಳಿದದ್ದೆಲ್ಲ ನಿಜ, ದೇವರಾಣೆ."

"ಇರ್ಬೋದು" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾಲ್ಕೇ ಅಂತ ಹೇಳ್ತಿರೋದೂ ನೀವೇ ಅಲ್ವಾ."

ಡ್ರಾಯರಿನಿಂದ ಸ್ಕೇಲು ತೆಗೆದು, ಮೊದಲನೆಯ ಪುಟಕ್ಕೆ ಹೋಗಿ, ನನ್ನ ಹೆಸರಿದ್ದ ಮೊದಲನೆಯ ಸಾಲಿನ ಮೇಲೆ ಗೆರೆ ಎಳೆದಳು. ಆಮೇಲೆ ಮುಂದಿನದು. ಲಿಂಬರ್ಗ್, ಯೆರ್ಕೊ ಮೆಲ್ಲಗೆ ಹೊರಗೆ ಹೋದರು. ನಾನು ನಿಂತೇ ಇದ್ದೆ. ನಿಜ ಹೇಳಿದ ದಿನಗಳು, ಬಿರುಗಾಳಿಯಲ್ಲಿ ಇಳಿದ ದಿನಗಳು, ಅವಳ ತಮ್ಮನ ಮದುವೆಗೆ ನೆಂಟರನ್ನು ಹೊತ್ತು ತಂದ ದಿನ, ಎಲ್ಲವೂ ಒಂದೊಂದಾಗಿ ಗೆರೆಯ ಕೆಳಗೆ ಹೋದವು. ಒಂದನ್ನೂ ಅವಸರದಲ್ಲಿ ಹೊಡೆಯಲಿಲ್ಲ, ಪ್ರತಿಯೊಂದನ್ನೂ ಓದಿ, ಸ್ಕೇಲು ಸರಿಯಾಗಿಟ್ಟು ಎಳೆದಳು. ಐದನೆಯ ವರ್ಷದ ಪುಟಗಳಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಆಮೇಲೆ ಮತ್ತೆ ಹಾಕಿಕೊಂಡು ಮುಂದುವರಿದಳು.

"ನೀವು ಹೋಗಿ ಕ್ಯಾಪ್ಟನ್" ಎಂದಳು. "ಇನ್ನೂ ಆರು ವರ್ಷದ್ದಿದೆ."